ಮನೆಯ ಮುಖ ನೋಡಲು ಬಂದವರು

ಆ ಕಟ್ಟೆಯ ಮೇಲೆ ಕೂರಬೇಡಿ, ಕಲ್ಲು ಸಡಿಲಾಗಿವೆ. ಓಣಿಯ ನಡುವೆಯೇ ನಿಂತು ನೋಡಿ. ಇದು 1995ರ ಬೇಸಿಗೆ, ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ಒಂದು ಹಳ್ಳಿ. ಊರಿನ ಹೆಸರು ಬೇಡ. ಈ ವರ್ಷ ಇಲ್ಲಿ ಯಾವ ಹಳ್ಳಿಗೆ ಹೋದರೂ ಇದೇ ಮನೆ, ಇದೇ ಬಿರುಕು, ಕೈಯಲ್ಲಿ ಅಳತೆಯ ಟೇಪು ಹಿಡಿದ ಇಂಥದೇ ಎಳೆಯ ಎಂಜಿನಿಯರು. ಅವನ ಹಿಂದೆ ಒಬ್ಬ ಹೆಂಗಸು ವಹಿ ಹಿಡಿದು ನಿಂತಿದ್ದಾಳೆ. ಅವಳಿಗೆ ಸಿಕ್ಕಿರುವ ಹುದ್ದೆ ‘ಸಂವಾದ ಸಹಾಯಕ’. ಸರ್ಕಾರ ಹೇಳುವುದನ್ನು ಮನೆಯವರಿಗೆ, ಮನೆಯವರು ಹೇಳುವುದನ್ನು ಸರ್ಕಾರಕ್ಕೆ ಮುಟ್ಟಿಸುವುದು ಅವಳ ಕೆಲಸ. ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಯ ನೆರವಿನಿಂದ ಊರೂರಿನ ಮಹಿಳಾ ಮಂಡಳಗಳ ಹೆಂಗಸರನ್ನೇ ಹೀಗೆ ನೇಮಿಸಿದ್ದಾರೆ. ಎಂಜಿನಿಯರನ ಮಾತು ಮರಾಠಿ. ಮನೆಯ ಮುದುಕಿಯ ಮಾತು ಕನ್ನಡ. ವಹಿಯ ಹೆಂಗಸಿಗೆ ಎರಡೂ ಬರುತ್ತವೆ.

ಎಂಜಿನಿಯರು ಗೋಡೆಯ ಬಿರುಕಿನಿಂದ ಎರಡು ಕಲ್ಲು ಕೀಳಿಸುತ್ತಾನೆ. ಬಗ್ಗಿ ನೋಡಿ. ಗೋಡೆ ಎರಡೂವರೆ ಅಡಿ ದಪ್ಪ. ಹೊರಗಿನಿಂದ ನೋಡಿದರೆ ಕೋಟೆಯಷ್ಟು ಗಟ್ಟಿ. ಒಳಗೆ ಬೇರೆಯೇ ಕತೆ. ಹೊರಮುಖಕ್ಕೊಂದು ಸಾಲು ಕಲ್ಲು, ಒಳಮುಖಕ್ಕೊಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಮುಖಗಳನ್ನೂ ಹಿಡಿದು ನಿಲ್ಲುವ ಒಂದೇ ಒಂದು ಉದ್ದನೆಯ ಕಲ್ಲು ಅಡ್ಡಲಾಗಿ ಹೋಗಿಲ್ಲ. ನೆಲ ನಡುಗಿದಾಗ ಹೊರಗಿನ ಸಾಲು ಓಣಿಗೆ ಬೀಳುತ್ತದೆ, ಒಳಗಿನ ಸಾಲು ಮಲಗಿದವರ ಮೇಲೆ. ಅದರ ಮೇಲೆ ಮಾಳಿಗೆಯ ಮಣ್ಣು. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಒಂದು ಪದರ ಬಿಳಿಮಣ್ಣು ಹಾಕಿ ಹಾಕಿ ಈ ಮನೆಯ ಮಾಳಿಗೆ ಎರಡಡಿ ಏರಿದೆ. ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್ ಭಾರ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಬಂದು ಜನ ಮಲಗಿದ್ದ ಹೊತ್ತು, 3 ಗಂಟೆ 56 ನಿಮಿಷದ ಭೂಕಂಪದಲ್ಲಿ ಕಿಲ್ಲಾರಿ, ಸಾಸ್ತೂರಿನ ಸುತ್ತ ಕೊಂದದ್ದು ಈ ಗೋಡೆ ಮತ್ತು ಈ ಮಣ್ಣು. ಸತ್ತವರು ಎಂಟರಿಂದ ಹತ್ತು ಸಾವಿರ. ಆದರೆ ತೊಲೆ-ಕಂಬಗಳ ಮೇಲೆ ಮಾಳಿಗೆ ನಿಂತಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಉರುಳಿದರೂ ಮರದ ಚೌಕಟ್ಟು ನಿಂತೇ ಇತ್ತು ಎಂಬುದನ್ನೂ ಸೇರಿಸಿಯೇ ಹೇಳಬೇಕು. ಹಳೇ ಬಡಿಗರ ಲೆಕ್ಕ ಪೂರ್ತಿ ತಪ್ಪಿರಲಿಲ್ಲ.

ಪೂರಾ ನೆಲಸಮವಾದ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಎಬ್ಬಿಸಿದರು. ಅಲ್ಲಿ ರಸ್ತೆ ನೇರ, ಮನೆ ಸಾಲು. ಹೊಲದ ಲೆಕ್ಕ ನೋಡಿ 250, 400, 750 ಚದರಡಿ. ಆ ಊರುಗಳ ಸುದ್ದಿ ಜಗತ್ತೆಲ್ಲ ಬರೆದಿದೆ. ನಾವು ನಿಂತಿರುವುದು ಬೀಳದೆ ಬಿರಿದ ಮನೆಯ ಮುಂದೆ. ಇಂಥವು ಎರಡು ಲಕ್ಷದ ಹತ್ತಿರ. ವಿಶ್ವಬ್ಯಾಂಕಿನ ಸಾಲದಲ್ಲಿ ಇವುಗಳ ದುರಸ್ತಿ ನಡೆದಿದೆ. ಒಂದೊಂದು ಮನೆಗೂ ಹೋಗಿ, ಗೋಡೆ ತಟ್ಟಿ, ಏನು ಬದಲಿಸಬೇಕು, ಎಷ್ಟು ಬದಲಿಸಬೇಕು ಎಂದು ಬರೆದುಕೊಳ್ಳುತ್ತಾರೆ.

ಈಗ ಕೇಳಿಸಿಕೊಳ್ಳಿ.

“ಆಯಿ, ಮಾಳಿಗಿ ಮ್ಯಾಲಿನ ಮಣ್ಣ ತಗೀಬೇಕಂತಾರ ಸಾಹೇಬ್ರು.”

“ತಗದ್ರ ಬ್ಯಾಸಗ್ಯಾಗ ಒಳಗ ಹ್ಯಾಂಗ ಕೂಡೋದವ್ವ? ನಮ್ಮ ಅತ್ತಿ ಹಾಕ್ಯಾಳ ಈ ಮಣ್ಣ, ನಾ ಹಾಕೀನಿ.”

“ಪೂರಾ ತಗಿಯಂಗಿಲ್ಲ. ಒಂದು ಗೇಣ ಬಿಡ್ತಾರ, ನಡಕ ಪ್ಲಾಸ್ಟಿಕ್ ಹಾಳಿ ಹಾಸ್ತಾರ. ಸೋರಂಗಿಲ್ಲ.”

ಎಂಜಿನಿಯರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋಗುತ್ತಾನೆ. ಗುರುತಿದ್ದಲ್ಲೆಲ್ಲ ಗೋಡೆಯ ಆಚೆ ಈಚೆ ತೂತು ಕೊರೆದು, ಬಾಗಿಸಿದ ಸರಳಿಟ್ಟು ಕಾಂಕ್ರೀಟು ತುಂಬಬೇಕು. ಇಲ್ಲದ ಅಡ್ಡಗಲ್ಲಿನ ಕೆಲಸವನ್ನು ಅದು ಮಾಡುತ್ತದೆ. ಮೂಲೆಗಳಿಗೆ ತಂತಿಜಾಲರಿ. ಒಳಗೆ ಕಂಬ ತೊಲೆ ಕೂಡುವಲ್ಲಿ ಓರೆಯಾಗಿ ಒಂದೊಂದು ಮರದ ಆಸರೆ. ಕೊನೆಗೆ, ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಇಡೀ ಮನೆಯ ಸುತ್ತ ಜಾಲರಿ-ಸಿಮೆಂಟಿನ ಪಟ್ಟಿ, ಎಲ್ಲೂ ತುಂಡಾಗದಂತೆ. ಈ ಪಟ್ಟಿ ಮುಂಬಾಗಿಲ ಮೇಲೆ ಬಂದಾಗ ಸೀಮೆಸುಣ್ಣ ನಿಲ್ಲುತ್ತದೆ. ಅಲ್ಲಿ ಮರದ ಪಟ್ಟಿಕೆಯ ನಡುವೆ ಹಸ್ತದಗಲದ ಗಣಪತಿ, ಅಕ್ಕಪಕ್ಕ ಬಳ್ಳಿ, ಅದರ ಮೇಲೆ ಉಳಿಯಿಂದ ನುಣುಪು ಮಾಡಿದ ಒಂದು ಸಾಲು ಕರಿಗಲ್ಲು. ಮುದುಕಿ ಎದ್ದು ಬಂದಿದ್ದಾಳೆ.

“ದೇವರ ಮ್ಯಾಲ ಸಿಮಿಟ್ ಬಳೀತಾನೇನ ಇಂವ?”

ಈ ಮಾತನ್ನು ಯಾರೂ ಅನುವಾದಿಸಬೇಕಾಗಲಿಲ್ಲ. ಎಂಜಿನಿಯರು ಎರಡು ಹೆಜ್ಜೆ ಹಿಂದೆ ಸರಿದು ಮನೆಯ ಮುಖವನ್ನು ನೋಡುತ್ತಾನೆ, ಬಹುಶಃ ಇವತ್ತು ಮೊದಲ ಸಲ. ಪಟ್ಟಿ ಹರಿಯದಿದ್ದರೆ ಸಾಕು. ಒಂದು ಚೋಟು ಮೇಲೆ ಹೋದರೆ ಅದರ ಬಲವೇನೂ ತಗ್ಗುವುದಿಲ್ಲ. ಗುರುತು ಅಳಿಸಿ ಗಣಪತಿಯ ಮೇಲಿನ ಸಾಲಿಗೆ ಒಯ್ಯುತ್ತಾನೆ, ಅಲ್ಲಿಂದಲೇ ಎಡಬಲಕ್ಕೂ ಎಳೆಯುತ್ತಾನೆ. ವಹಿಯಲ್ಲಿ ಬರೆಸುತ್ತಾನೆ. ನನ್ನ ಪ್ರಕಾರ ಹಳೇ ಮನೆಯ ಹೊರಮುಖವನ್ನು ಪರಿಶೀಲಿಸುವುದೆಂದರೆ ಇದೇ, ಇಷ್ಟೇ. ನೋಡಬೇಕಾದವನು ಮನೆಯ ಮುಂದೆ ನಿಂತಿದ್ದ, ಮನೆಯವರು ಬಾಯಿಬಿಟ್ಟು ಹೇಳಿದರು, ಗೆರೆ ಸರಿಯಿತು. ಅಮೆರಿಕದ ಚಾರ್ಲ್ಸ್‌ಟನ್ ನಗರ 1931ರಲ್ಲೇ ಇದಕ್ಕೊಂದು ಮಂಡಳಿ ಮಾಡಿಕೊಂಡಿತು. ಹಳೇ ಕೇರಿಯ ಮನೆಯ ಹೊರಗೆ ಏನೇ ಬದಲಿಸಬೇಕಾದರೂ ಆ ಮಂಡಳಿಯ ಮುಂದೆ ನಕ್ಷೆ ಇಡಬೇಕು. ಮುಂಬೈ 1995ರಲ್ಲಿ, ನಾವು ಈ ಓಣಿಯಲ್ಲಿ ನಿಂತಿರುವ ವರ್ಷವೇ, ಪಾರಂಪರಿಕ ಕಟ್ಟಡಗಳಿಗೆ ದರ್ಜೆ ಕೊಟ್ಟು ನಿಯಮ ತಂದಿತು. ಉಮರ್ಗಾದ ಮುದುಕಿಗೆ ಮಂಡಳಿಯೂ ಇಲ್ಲ, ದರ್ಜೆಯೂ ಇಲ್ಲ. ಸೀಮೆಸುಣ್ಣ ಹಿಡಿದವನಿಗೆ ಕಿವಿ ಇತ್ತು, ಅಷ್ಟೇ.

ಆದರೆ ಮಗ ಬಂದ. ಅವನಿಗೆ ಪಟ್ಟಿ ಮೇಲಿದ್ದರೇನು, ಕೆಳಗಿದ್ದರೇನು.

“ಸಾಹೇಬ್ರ, ಇದೆಲ್ಲ ಬ್ಯಾಡ್ರಿ. ಅದೇ ರೊಕ್ಕದಾಗ ಮುಂದ ಒಂದು ಸ್ಲ್ಯಾಬಿನ ಖೋಲಿ ಎಬ್ಬಸ್ತೀವಿ. ಕಲ್ಲಿನ ಮನ್ಯಾಗ ನಾವು ಮಲಗಂಗಿಲ್ಲ.”

ಅವನನ್ನು ಯಾರು ಜರೆದಾರು? ಪಕ್ಕದ ಊರುಗಳಿಂದ ಹೆಣ ಎತ್ತಿದ ಕೈ ಅವನವು. ಮನೆ ಬಲಪಡಿಸುವ ಕ್ರಮವನ್ನು ಪ್ರೊಫೆಸರ್ ಆನಂದ ಆರ್ಯರಂಥ ಭೂಕಂಪ ತಜ್ಞರು ಕಾಗದದ ಮೇಲೆ ಅಚ್ಚುಕಟ್ಟಾಗಿ ಬರೆದುಕೊಟ್ಟರೂ ಬಹುಪಾಲು ಕುಟುಂಬಗಳು ಆರಿಸಿಕೊಂಡದ್ದು ಮಗ ಕೇಳಿದ್ದನ್ನೇ: ಇಟ್ಟಿಗೆ ಸಿಮೆಂಟಿನ ಒಂದು ಹೊಸ ಕೋಣೆ.

ಈಗ ಇಂದಿಗೆ ಬನ್ನಿ. ಅಂಥ ಕೋಣೆಗಳು ಉಮರ್ಗಾದಿಂದ ನಿಲಂಗಾಕ್ಕೆ ಹೋಗುವ ದಾರಿಯಲ್ಲಿ ಹಳ್ಳಿಹಳ್ಳಿಗೂ ಕಾಣುತ್ತವೆ. ಹಳೇ ಮನೆಯ ಅಂಗಳದಲ್ಲೇ, ಮುಖಕ್ಕೆ ಅಡ್ಡವಾಗಿ ನಿಂತಿವೆ. ಬದಿಯಿಂದ ನುಸುಳಿ ಒಳಗೆ ಹೋದರೆ ಹಿಂದೆ ಅದೇ ಕರಿಗಲ್ಲಿನ ಗೋಡೆ. ಅಂಕಣಗಳಲ್ಲಿ ಕಣಿಕೆ, ಮೇವು, ಒಂದು ಮುರಿದ ಕೂರಿಗೆ. ಮಾಳಿಗೆಯ ಮಣ್ಣನ್ನು ಯಾರೂ ಇಳಿಸಿಲ್ಲ. ಅದರ ಮೇಲೆ ಹುಲ್ಲು ಬೆಳೆದಿದೆ. ಮಣ್ಣು ಕಡಿಮೆ ಮಾಡುವುದು, ಕಲ್ಲು ಹೆಣೆಯುವುದು, ಪಟ್ಟಿ ಕಟ್ಟುವುದು ಯಾವುದೂ ಆಗದ ಮನೆಗಳು ಇನ್ನೊಂದು ಕಂಪನದವರೆಗೆ ಹೀಗೇ ನಿಂತಿರುತ್ತವೆ. ಜೀವ ಉಳಿಸುವ ದುರಸ್ತಿಯೂ ಆಗಲಿಲ್ಲ, ಮುಖವೂ ಉಳಿಯಲಿಲ್ಲ.

ನಿಲಂಗಾದಲ್ಲಿ ನೀಲಕಂಠೇಶ್ವರನ ಗುಡಿಯ ಮುಂದೆ ಸ್ವಲ್ಪ ನಿಲ್ಲೋಣ. ಕಲ್ಯಾಣ ಚಾಲುಕ್ಯರ ಕಾಲದ್ದು, ಮೂರು ಗರ್ಭಗುಡಿ. ಹೊರಗೋಡೆ ನಕ್ಷತ್ರದ ಮೂಲೆಗಳಾಗಿ ಒಡೆದು ನಿಂತಿದೆ. ನೋಡುವವರೆಲ್ಲ ಗುಡಿಯ ಫೋಟೊ ತೆಗೆದು ಹೋಗುತ್ತಾರೆ. ಸುತ್ತಲಿನ ಮನೆಗಳತ್ತ ಕ್ಯಾಮೆರಾ ತಿರುಗುವುದು ಅಪರೂಪ.

ಉದಗೀರಕ್ಕೆ ಬರುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ಕೋಟೆಯ ಕಂದಕದ ಅಂಚಿನಿಂದ ಶುರುಮಾಡಿ. 1636ರಲ್ಲಿ ಶಾಹಜಹಾನನ ಸೇನೆ ಗೆದ್ದುಕೊಂಡ ಕೋಟೆ ಇದು. 1760ರಲ್ಲಿ ಸದಾಶಿವರಾವ್ ಭಾವು ನಿಜಾಮನನ್ನು ಮಣಿಸಿದ್ದು ಉದಗೀರದಲ್ಲೇ; ಮರುವರ್ಷವೇ ಅವನು ಪಾಣಿಪತ್ತಿನಲ್ಲಿ ಮಡಿದ. ಒಳಗೆ ಊರಿಗೆ ಹೆಸರು ಕೊಟ್ಟ ಉದಯಗಿರಿ ಮಹಾರಾಜರ ಸಮಾಧಿ. ಕೋಟೆಯನ್ನು ರಾಜ್ಯದ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಹೊರಗಿನ ಓಣಿಗಳಿಗೆ ಬನ್ನಿ. ಎತ್ತರದ ಹೆಬ್ಬಾಗಿಲು, ಎರಡೂ ಕಡೆ ಕೂರುವ ಕಟ್ಟೆ, ಮೇಲೆ ಮರದ ಸಜ್ಜೆ, ಒಳಗೆ ಚೌಕ. ಒಂದು ಕಾಲದ ವಾಡೆ. ಪಕ್ಕದ ಮನೆಯ ಮುಖಕ್ಕೆ ಆಗಲೇ ಬಚ್ಚಲುಮನೆಯ ಹೊಳೆಯುವ ಟೈಲ್ಸ್ ಬಂದಿವೆ. ಅದರಾಚೆಯ ಮನೆಯ ಕಟ್ಟೆ ಹೋಗಿ ಶಟರು ಬಂದಿದೆ. ಶಟರಿನ ಬಾಡಿಗೆಯಲ್ಲಿ ಮನೆ ನಡೆಯುತ್ತದೆ; ಕಟ್ಟೆಯ ಮೇಲೆ ಕೂತು ಮಾತಾಡಿದರೆ ಯಾರು ಬಾಡಿಗೆ ಕೊಡುತ್ತಾರೆ?

ಮನೆಯವರು ಪರವಾನಗಿಗೆ ನಗರ ಪರಿಷತ್ತಿಗೆ ಹೋದರೆ ಅಲ್ಲಿ ಕೇಳುವುದು ಜಾಗ ಎಷ್ಟು, ಸುತ್ತ ಎಷ್ಟು ಬಿಡುತ್ತೀರಿ, ಎತ್ತರ ಎಷ್ಟು. ಪಾರಂಪರಿಕ ಪಟ್ಟಿಗೆ ಸೇರದ ಮನೆಯ ಬಾಗಿಲು ಯಾವ ಮರದ್ದು, ಕೆತ್ತನೆ ಏನಾಗುತ್ತದೆ ಎಂದು ಕೇಳುವ ಕಾಲಂ ಅಲ್ಲಿಲ್ಲ. ಬಾಗಿಲು ಹಳೇ ಸಾಮಾನಿನ ವ್ಯಾಪಾರಿಗೆ ಹೋಗುತ್ತದೆ.

ಇಲ್ಲಿಂದ ಬೀದರಿಗೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯ ತಾಲೂಕುಗಳೇ. ಇಂದಿಗೂ ಸಂಬಂಧ, ಮದುವೆ, ಸಂತೆ ಗಡಿ ದಾಟಿಯೇ ನಡೆಯುತ್ತವೆ. ಉದಗೀರದ ಮನೆಯ ಸೋದರಮಾವನೊಬ್ಬ ಬೀದರಿನಲ್ಲಿ, ಮಹಮೂದ್ ಗವಾನನ ಮದರಸಾದ ಮಗ್ಗುಲಲ್ಲಿ ಇದ್ದಾನೆ ಎಂದಿಟ್ಟುಕೊಳ್ಳಿ. 1472ರ ಕಟ್ಟಡ, ನೀಲಿ ಹೆಂಚಿನ ತುಣುಕುಗಳು ಇನ್ನೂ ಅಂಟಿಕೊಂಡಿರುವ ಮಿನಾರು, ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಸ್ಮಾರಕದಿಂದ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ. ಮುರಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮಾವನ ಮನೆ ಮೊದಲ ನೂರು ಮೀಟರಿನಲ್ಲಿದೆ. 1992ರ ಜೂನ್ 16ಕ್ಕೂ ಹಿಂದಿನ ಮನೆಯಾದ್ದರಿಂದ ದುರಸ್ತಿಗೆ ಅರ್ಜಿ ಹಾಕಬಹುದು. ಅರ್ಜಿ ಬೀದರಿನಿಂದ ರಾಜ್ಯದ ಆ ತುದಿಯ ಮೈಸೂರಿನ ಸಕ್ಷಮ ಪ್ರಾಧಿಕಾರಕ್ಕೆ ಹೋಗುತ್ತದೆ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ, ಮತ್ತೆ ಹಿಂದಕ್ಕೆ. ಕಳಿಸಲು 15 ದಿನ, ದೆಹಲಿಗೆ ಎರಡು ತಿಂಗಳು, ಉತ್ತರಕ್ಕೆ ಒಂದು ತಿಂಗಳು ಎಂದು ಕಾಯ್ದೆಯೇ ಲೆಕ್ಕ ಇಟ್ಟಿದೆ.

ಸ್ಮಾರಕಕ್ಕೆ ಇಂಥ ಕಾವಲು ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ತಕರಾರು ಬೇರೆ. ಈ ಕಾನೂನಿಗೆ ಮಾವನ ಮನೆ ಕಾಣುವುದು ಮದರಸಾಕ್ಕೆ ತಗುಲಬಹುದಾದ ತೊಂದರೆಯಾಗಿ ಮಾತ್ರ. ಇದರ ಲೆಕ್ಕದಲ್ಲಿ ದುರಸ್ತಿ ಎಂದರೆ ಇರುವ ಕಟ್ಟಡದ ಮಾರ್ಪಾಡು. ಮರುನಿರ್ಮಾಣ ಅದರೊಳಗೆ ಬರುವುದಿಲ್ಲ. ಅಂದರೆ ಅನುಮತಿಗೆ ಕಾಯುವಾಗಲೇ ಒಂದು ಜಡಿಮಳೆಗೆ ಆ ಕಲ್ಲು-ಮಣ್ಣಿನ ಗೋಡೆ ಕುಸಿದು ಮನೆ ಬಿದ್ದರೆ, ಅದೇ ಅಳತೆಯಲ್ಲಿ, ಅದೇ ಕಲ್ಲಿನಲ್ಲಿ ಎಬ್ಬಿಸುವ ದಾರಿಯೂ ಮುಚ್ಚಿಹೋಗುತ್ತದೆ. ಹಳೇ ಮನೆಗೆ ಹಳೇದಾಗಿ ಉಳಿಯಲೂ ಅಲ್ಲಿ ಹಕ್ಕಿಲ್ಲ. ಉದಗೀರದ ಅಳಿಯ ಅರ್ಧ ದಿನದಲ್ಲಿ ಬಾಗಿಲು ಕಿತ್ತು ಮಾರುತ್ತಾನೆ, ಬೀದರಿನ ಮಾವ ಅಂಥದೇ ಬಾಗಿಲ ಮುಂದೆ ಕಾಗದಕ್ಕೆ ಕಾಯುತ್ತಾನೆ. ಎರಡೂ ಕಡೆ ಮನೆಯ ಮುಂದೆ ಬಂದು ನಿಂತು ನೋಡಿದವರು ಯಾರೂ ಇಲ್ಲ.

ಭೂಕಂಪದ ನಂತರದ ಆ ವರ್ಷಗಳಲ್ಲಿ ಎರಡು ಲಕ್ಷದಷ್ಟು ಮನೆಗಳಿಗೆ ಟೇಪು ಹಿಡಿದು ಹೋಗಲು ಸಾಧ್ಯವಾಯಿತು. ಉದಗೀರದ ಕೋಟೆ ಸುತ್ತಲಿನ ನಾಲ್ಕು ಓಣಿ ಅದಕ್ಕಿಂತ ದೊಡ್ಡ ಕೆಲಸವಲ್ಲ. ನಗರ ಪರಿಷತ್ತಿನವರು ಮಾಡಬೇಕಾದ್ದು ಇಷ್ಟು: ಹಳೇ ಓಣಿಯ ಮನೆಯ ಅರ್ಜಿಯೊಂದಿಗೆ ಈಗಿನ ಮುಖದ ಒಂದು ಫೋಟೊ, ಬರಲಿರುವ ಮುಖದ ಒಂದು ಚಿತ್ರ ಕೇಳಿ, ಕಿರಿಯ ಎಂಜಿನಿಯರನ್ನು ಸ್ಥಳಕ್ಕೆ ಕಳಿಸಿ, ಕೆತ್ತಿದ ಬಾಗಿಲು, ಕಟ್ಟೆ, ಸಜ್ಜೆ ಉಳಿಸಿದವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವುದು. ಮನೆಯವರಿಗೂ ಒಂದು ಮಾತು. ಶಟರು ಹಾಕುವುದು, ಬಿಡುವುದು ನಿಮ್ಮ ಇಷ್ಟ. ಆದರೆ ಹಳೇ ಕಲ್ಲು-ಮಣ್ಣಿನ ಗೋಡೆಯ ಮೇಲೆ ಹಾಗೇ ಸ್ಲ್ಯಾಬು ಕೂರಿಸಬೇಡಿ. ಮೊದಲು ಮಾಳಿಗೆಯ ಮಣ್ಣನ್ನು ಒಂದು ಗೇಣಿಗೆ ಇಳಿಸಿ, ಗೋಡೆಗೆ ಅಡ್ಡಗಟ್ಟು ಹಾಕಿಸಿ, ಸುತ್ತಲೂ ಪಟ್ಟಿ ಕಟ್ಟಿಸಿ. ಬಾಗಿಲ ಮೇಲೆ ದೇವರಿದ್ದರೆ ಪಟ್ಟಿಯನ್ನು ಒಂದು ಚೋಟು ಮೇಲೆ ಒಯ್ಯುವಂತೆ ಗೌಂಡಿಗೆ ಹೇಳಿ.