ಶ್ರೇಷ್ಠ ನಟ: ಕನ್ನಡದ ನಾಲ್ವರು

ಕನ್ನಡ ಚಿತ್ರದ ಅಭಿನಯಕ್ಕೆ 2024ರವರೆಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದದ್ದು ನಾಲ್ಕೇ ಸಲ. ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್, ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ ಅವಳು’ ಚಿತ್ರದ ಸಂಚಾರಿ ವಿಜಯ್: ಮೂವರ ಪಾತ್ರಗಳೂ ಪುಸ್ತಕದಿಂದ ಬಂದವು.

ನಾಲ್ಕನೆಯದಾದ 2022ರ ‘ಕಾಂತಾರ’ದ ಬೇರು ಇರುವುದು ಕರಾವಳಿಯ ಭೂತಕೋಲದಲ್ಲಿ. ಅದರಲ್ಲಿ ರಿಷಬ್ ಶೆಟ್ಟಿಯವರ ಗುಳಿಗ ದೈವದ ಆರ್ಭಟವೇ ಹೆಚ್ಚು ಸುದ್ದಿಯಾಯಿತು. ಅದಕ್ಕಿಂತ ದೊಡ್ಡ ಅಭಿನಯ ಅದರ ನಂತರದ್ದು. ದೈವವಾಗಿ ನಿಂತ ನಾಯಕ ಶಿವ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಟ್ಟುಗೂಡಿಸಿ ಎದೆಗೆ ಒತ್ತಿಕೊಳ್ಳುತ್ತಾನೆ. ಅಲ್ಲಿ ಮಾತೇ ಇಲ್ಲ. ಕಣ್ಣು, ಉಸಿರು, ಬೆರಳುಗಳೇ ಎಲ್ಲವನ್ನೂ ಹೇಳುತ್ತವೆ. ಜನ ಮುಗಿಬಿದ್ದು ನೋಡಿದ ಚಿತ್ರದಲ್ಲೂ ಇಂಥ ಸೂಕ್ಷ್ಮ ನಟನೆ ಸಾಧ್ಯ ಎಂಬುದನ್ನು 70ನೇ ರಾಷ್ಟ್ರಪ್ರಶಸ್ತಿ ಗುರುತಿಸಿತು. ಆ ತೀರ್ಪು ನ್ಯಾಯವಾದದ್ದೇ.