ಹೋಗುವುದೂ ಬರುವುದೂ

ಹಂಸಗಳು ಕ್ರೌಂಚರಂಧ್ರವೆಂಬ ಗಿರಿದ್ವಾರದಿಂದ ಹಿಮಾಲಯವನ್ನು ದಾಟುವ ಪ್ರಸ್ತಾಪವು ಕಾಳಿದಾಸನ ಮೇಘದೂತದಲ್ಲಿ ಬರುತ್ತದೆ. ಇದು ಕೇವಲ ಕವಿಸಮಯವೆಂದು ನಾನು ಬಹುಕಾಲ ಮಕ್ಕಳಿಗೆ ಹೇಳಿಕೊಡುತ್ತಿದ್ದೆನು. ನಿವೃತ್ತನಾದ ಮೇಲೆ ಒಂದು ಬೆಳಗ್ಗೆ ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯ ಮೇಲೆ ನಿಂತಾಗ ನನ್ನ ಪಾಂಡಿತ್ಯಕ್ಕೆ ನಾನೇ ನಾಚಿಕೊಂಡೆನು.

ಆ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಬಿಳಿಯ ತಲೆ, ಅದರ ಮೇಲೆ ಎರಡು ಕರಿಯ ಪಟ್ಟೆ. ಇವು ಮರಿಮಾಡುವುದು ಟಿಬೆಟ್ಟು, ಮಂಗೋಲಿಯಾಗಳ ಎತ್ತರದ ಸರೋವರಗಳ ಬಳಿ. ಹಿಮಾಲಯವನ್ನು ದಾಟುವಾಗ 7000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಾರಿದುದನ್ನು ಶಾಸ್ತ್ರಜ್ಞರು ಅಳೆದಿದ್ದಾರೆ. ತೆಳುವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಹೀರಬಲ್ಲ ಗುಣವು ಅವುಗಳ ರಕ್ತಕ್ಕಿದೆ. ಕಾವ್ಯದ ಹಂಸವು ಇದೇ ಎನ್ನುವ ಪಂಡಿತರೂ ಉಂಟು. 2024ರಲ್ಲಿ ಈ ಕೆರೆಯು ರಾಮ್ಸಾರ್ ಪಟ್ಟಿಗೆ ಸೇರಿತು.

ವಲಸೆಯೆಂದರೆ ದಿಕ್ಕುಗೆಟ್ಟು ಅಲೆಯುವುದಲ್ಲ. ಆಹಾರಕ್ಕಾಗಿಯೋ ಸಂತಾನಕ್ಕಾಗಿಯೋ ಋತುವರಿತು ಹೊರಡುವುದು, ಋತುವರಿತು ಮರಳುವುದು. ಹಗಲಿನ ಉದ್ದವು ಬದಲಾದಂತೆ ಹಕ್ಕಿಯ ಮೈಯಲ್ಲಿ ಕೊಬ್ಬು ಸಂಗ್ರಹವಾಗುತ್ತದೆ. ಸೂರ್ಯ, ನಕ್ಷತ್ರ, ಭೂಮಿಯ ಅಯಸ್ಕಾಂತಶಕ್ತಿಗಳು ದಾರಿ ತೋರಿಸುತ್ತವೆ. ಈ ಕ್ರಮವು ಹಕ್ಕಿಗಳಿಗೆ ಮಾತ್ರ ಮೀಸಲಲ್ಲ. ಸಾಲ್ಮನ್ ಮೀನು ಮೊಟ್ಟೆಯಿಡಲು ಕಡಲಿನಿಂದ ಹುಟ್ಟಿದ ಹೊಳೆಗೆ ಹಿಂದಿರುಗುತ್ತದೆ. ಕಡಲಾಮೆಗಳು ಒಡಿಶಾದ ಗಹಿರ್ಮಾಥಾ ತೀರಕ್ಕೆ ಗುಂಪುಗುಂಪಾಗಿ ಬರುತ್ತವೆ. ಆಫ್ರಿಕಾದ ಸೆರೆಂಗೆಟಿಯಲ್ಲಿ ವೈಲ್ಡ್‌ಬೀಸ್ಟ್ ಎಂಬ ಮೃಗಗಳು ಲಕ್ಷಗಟ್ಟಲೆ ಸೇರಿ, ಮಳೆಯನ್ನೂ ಹೊಸ ಹುಲ್ಲನ್ನೂ ಅನುಸರಿಸಿ ವರ್ಷವಿಡೀ ಸುತ್ತುತ್ತವೆ.

ಏರಿಯ ಮೇಲೆ ನಿಂತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ನೆನಪಾಯಿತು. ಅದೇ ಸೀಮೆಯ ಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದಾಗ, ದೀಪಾವಳಿ ಕಳೆದೊಡನೆ ಕೆಲವು ಕುಟುಂಬಗಳು ಕೂಲಿಗಾಗಿ ಗುಳೆ ಹೋಗುತ್ತಿದ್ದವು. ಹೆಬ್ಬಾತುಗಳು ಮೇವಿಗೆ ಬರುವ ಕಾಲಕ್ಕೆ ಸರಿಯಾಗಿ ಆ ಹೊಲಗಳ ಮಕ್ಕಳು ಅನ್ನಕ್ಕಾಗಿ ಹೊರಡುತ್ತಿದ್ದರು! ಒಂದು ವರ್ಷ ಹಾಗೆ ಹೋದ ಹುಡುಗನ ಹೆಸರನ್ನು ನಾನು ಹಾಜರಿ ಪುಸ್ತಕದಿಂದ ಹೊಡೆದುಹಾಕಿದೆನು. ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ ಹಾಜರಿ ಕರೆದು ಮುಗಿಸಿದಾಗ ಹಿಂದಿನ ಸಾಲಿನಿಂದ ಅವನು ಎದ್ದು ನಿಂತು, “ಸರ, ನಾ ಬಂದೀನ್ರಿ. ನನ್ನ ಹೆಸರ ಕರೀಲೇ ಇಲ್ಲಲ್ರಿ?” ಎಂದನು.

ಹೆಸರನ್ನೇನೋ ಪುನಃ ಬರೆದುಕೊಂಡೆನು. ಆದರೆ ಹಳೆಯ ತರಗತಿಯಲ್ಲಿಯೇ ಕಿರಿಯರೊಡನೆ ಕೂರಬೇಕಾಗಿ ಬಂದುದು ಅವನನ್ನು ಕುಗ್ಗಿಸಿತು. ಮುಂದಿನ ದೀಪಾವಳಿಗೆ ಹೋದವನು ಶಾಲೆಗೆ ಮರಳಲಿಲ್ಲ.

ಹಕ್ಕಿಗಳು ಹೊರಟುಹೋದುವೆಂದು ಕೆರೆಯನ್ನು ಯಾರೂ ಹೂಳುವುದಿಲ್ಲ, ಬರುವುವೆಂದು ಕಾದಿರಿಸುತ್ತಾರೆ. ಹೋದ ಹುಡುಗನೂ ಬರುವನೆಂದು ನಾನು ನಂಬಬೇಕಾಗಿತ್ತು. ವಾಚಕರ ಊರಿನಲ್ಲಿಯೂ ಅಂಥ ಮಕ್ಕಳಿರಬಹುದು. ಅವರ ಪಾಠಕ್ಕೆ ಏರ್ಪಾಡು ಮಾಡಲು ಸಾಧ್ಯವಾದರೆ ಮಾಡಿರಿ. ಆಗದಿದ್ದರೆ, ಹೆಸರನ್ನಾದರೂ ಅಳಿಸಗೊಡಬೇಡಿರಿ.