ಅಳಲೆಂದು ಹೋದ ಆಟ

ವಾರ್ಷಿಕ ಸಂಚಿಕೆಗೆ ‘ನಾನು ಮೆಚ್ಚಿದ ಚಿತ್ರ’ ಎಂಬ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲದ ಇಬ್ಬರು ವಿದ್ಯಾರ್ಥಿಗಳು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಪಾಠ ಹೇಳುವುದನ್ನು ಬಿಟ್ಟು ಬಹುಕಾಲವಾದ ಮುದುಕನನ್ನು ಶಾಲೆಯು ಇನ್ನೂ ನೆನೆಯುತ್ತದಲ್ಲ ಎಂಬ ಸಂತೋಷದಲ್ಲಿ ನಾನು ಕೂಡಲೇ ಒಪ್ಪಿಕೊಂಡೆ. ಯಾವ ಚಿತ್ರವೆಂದು ಕೇಳಿದರು. ‘ಕೋಹಿನೂರ್’ ಎಂದೆ. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ‘ವಜ್ರದ ಕಥೆಯೇ ಗುರುಗಳೇ?’ ಎಂದನು ಒಬ್ಬನು. ವಜ್ರದ ಕಥೆಯಲ್ಲ, ಒಬ್ಬ ರಾಜಕುಮಾರನ ಕಥೆ. ಅದಕ್ಕಿಂತ ಹೆಚ್ಚಾಗಿ ನಮ್ಮ ಮನೆಯ ಕಥೆ. ಆದುದರಿಂದ ಚಿತ್ರದ ಗುಣದೋಷಗಳ ವಿಮರ್ಶೆಯನ್ನು ಬಯಸುವವರು ಈ ಪುಟಗಳನ್ನು ದಾಟಿ ಮುಂದಿನ ಲೇಖನಕ್ಕೆ ಹೋಗಬಹುದು.

‘ಕೋಹಿನೂರ್’ 1960ರಲ್ಲಿ ತೆರೆಕಂಡ ಹಿಂದೀ ಬೋಲಪಟ. ಎಸ್. ಯು. ಸನ್ನಿ ಎಂಬವರು ಅದರ ನಿರ್ದೇಶಕರು. ದಿಲೀಪ ಕುಮಾರ್ ನಾಯಕ, ಮೀನಾ ಕುಮಾರಿ ನಾಯಿಕೆ, ನೌಶಾದ್ ಅವರ ಸಂಗೀತ. ಕಪ್ಪು ಬಿಳುಪಿನ ಚಿತ್ರ. ಕೈಲಾಸನಗರವೆಂಬ ಒಂದು ರಾಜ್ಯ, ರಾಜಗಢವೆಂಬ ಇನ್ನೊಂದು ರಾಜ್ಯ. ಒಂದರ ರಾಜಕುಮಾರ, ಇನ್ನೊಂದರ ರಾಜಕುಮಾರಿ. ನಡುವೆ ಅವಳ ಮೇಲೆ ಕಣ್ಣಿಟ್ಟ ದುಷ್ಟ ಸೇನಾಪತಿ. ವೇಷ ಮರೆಸುವುದು, ಕತ್ತಿ ಝಳಪಿಸುವುದು, ಹಾಡುವುದು, ಮುನಿಯುವುದು, ಮತ್ತೆ ಒಂದಾಗುವುದು. ಯಾವ ಶತಮಾನವೆಂದು ಕೇಳಬಾರದು. ‘ಒಂದಾನೊಂದು ಕಾಲದಲ್ಲಿ’ ಎಂದು ಅಜ್ಜಿಯರು ಹೇಳುವರಲ್ಲ, ಆ ಕಾಲ.

ನಾನು ಅದನ್ನು ನೋಡಿದುದು ಮುಂಬಯಿಯ ಚಿತ್ರಮಂದಿರದಲ್ಲಲ್ಲ. 1962ರ ಬೇಸಿಗೆಯಲ್ಲಿ, ನಾಸಿಕ ಜಿಲ್ಲೆಯ ಲಾಸಲಗಾಂವದ ಬಯಲಿನಲ್ಲಿ ಹಾಕಿದ್ದ ಟೂರಿಂಗ್ ಟಾಕೀಸಿನ ಡೇರೆಯಲ್ಲಿ. ನಮ್ಮದು ಸೊಲ್ಲಾಪುರದ ಕಡೆಯ ಮನೆತನ. ತಂದೆಯವರು ಮಧ್ಯ ರೇಲ್ವೆಯಲ್ಲಿ ಪಾರ್ಸಲ್ ಗುಮಾಸ್ತರು. ವರ್ಗವಾದ ಕಡೆಗೆಲ್ಲ ಹಾಸಿಗೆ ಸುತ್ತಿಕೊಂಡು, ಕನ್ನಡವನ್ನೂ ಕಟ್ಟಿಕೊಂಡು ಹೋಗುವುದೇ ನಮ್ಮ ಬಾಳಾಗಿತ್ತು. ಮನಮಾಡದಿಂದ ನಾಸಿಕದ ಕಡೆಗೆ ಬರುವ ಹಾದಿಯಲ್ಲಿ ಲಾಸಲಗಾಂವ್ ಸಿಗುತ್ತದೆ. 1947ರಲ್ಲಿ ಅಲ್ಲಿ ಸ್ಥಾಪನೆಯಾದ ಮಾರುಕಟ್ಟೆಯನ್ನು ಈಗ ಏಷ್ಯಾದಲ್ಲಿಯೇ ಅತಿ ದೊಡ್ಡ ಉಳ್ಳಾಗಡ್ಡಿ ಪೇಟೆಯೆಂದು ಹೇಳುತ್ತಾರೆ. ನನಗೆ ನೆನಪಿರುವುದು ಸಾಲುಗಟ್ಟಿ ನಿಂತ ಎತ್ತಿನ ಬಂಡಿಗಳು, ಗೋಣಿಚೀಲಗಳ ಗುಡ್ಡ, ಮತ್ತು ಆ ವಾಸನೆ. ಅಂಗಿಗೆ, ಪುಸ್ತಕಕ್ಕೆ, ಕುಡಿಯುವ ನೀರಿಗೂ ಉಳ್ಳಾಗಡ್ಡಿಯ ವಾಸನೆ. ಆ ಊರಿನಲ್ಲಿ ಯಾರ ಕಣ್ಣಿನಲ್ಲಿ ನೀರು ಬಂದರೂ ಏಕೆಂದು ಯಾರೂ ಕೇಳುತ್ತಿರಲಿಲ್ಲ.

ಇದು ತಂದೆಯವರ ಮಾತು. ಅವರು ಮೊದಲು ಇಂಥ ಮಾತುಗಳನ್ನು ಬಹಳವಾಗಿ ಆಡುತ್ತಿದ್ದರು. 1961ರ ಮಳೆಗಾಲದಲ್ಲಿ ನನ್ನ ತಂಗಿ, ನಾಲ್ಕು ವರುಷದ ಕೂಸು, ಒಂಬತ್ತು ದಿನ ಜ್ವರದಲ್ಲಿ ಮಲಗಿ ತೀರಿಕೊಂಡಳು. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ನಗೆಯೆಂಬುದು ಇರಲಿಲ್ಲ. ಯಾರೂ ಅಳುತ್ತಲೂ ಇರಲಿಲ್ಲ. ತಂದೆಯವರು ಡ್ಯೂಟಿಗೆ ಹೋಗುವರು, ಬರುವರು, ಉಣ್ಣುವರು. ಅವ್ವ ಒಲೆಯ ಮುಂದೆ. ಆಯಿ (ತಂದೆಯ ತಾಯಿ) ಜಪಮಾಲೆ ಹಿಡಿದು ಬಾಗಿಲಲ್ಲಿ. ನಾನು ಹತ್ತು ವರುಷದವನು. ಶಾಲೆಯಲ್ಲಿ ಗೆಳೆಯರೊಡನೆ ನಕ್ಕು ಮನೆಯ ಮೆಟ್ಟಿಲು ಹತ್ತುವಾಗ ಮುಖವನ್ನು ಒರೆಸಿಕೊಳ್ಳುತ್ತಿದ್ದೆ, ಕದ್ದು ಬೆಲ್ಲ ತಿಂದವನಂತೆ.

ಆ ಕಾಲದಲ್ಲಿ ಚಿತ್ರದ ರೀಲುಗಳು ಊರಿಂದೂರಿಗೆ ತಗಡಿನ ಪೆಟ್ಟಿಗೆಗಳಲ್ಲಿ ರೇಲ್ವೆಯ ಪಾರ್ಸಲ್ಲಾಗಿ ಬರುತ್ತಿದ್ದವು. ಹೀಗಾಗಿ ಲಾಸಲಗಾಂವದ ಜನರು ನೋಡುವ ಪ್ರತಿಯೊಂದು ಚಿತ್ರವೂ ಮೊದಲು ನಮ್ಮ ತಂದೆಯವರ ತಕ್ಕಡಿಯ ಮೇಲೆ ಕುಳಿತು ಹೋಗಬೇಕು. ಡೇರೆಯ ಮಾಲಕನು ಪೆಟ್ಟಿಗೆ ಬಿಡಿಸಿಕೊಳ್ಳಲು ಬಂದಾಗಲೆಲ್ಲ ‘ಮಾಸ್ತರ್, ಇವತ್ತು ಮನೆಯವರನ್ನು ಕರೆದುಕೊಂಡು ಬನ್ನಿ’ ಎಂದು ಪಾಸು ಕೊಡಲು ಬರುವನು. ತಂದೆಯವರು ತಲೆಯಾಡಿಸಿ ರಸೀತಿಗೆ ಸಹಿ ಹಾಕುವರು. ಆ ಸಂಜೆ ಮಾತ್ರ ‘ಯಾರ ಚಿತ್ರ?’ ಎಂದು ಕೇಳಿದರು. ದಿಲೀಪ ಕುಮಾರನದೆಂದು ತಿಳಿದಾಗ ಕೊಂಚ ಹೊತ್ತು ಸುಮ್ಮನಿದ್ದು, ಎರಡು ಪಾಸುಗಳನ್ನು ತೆಗೆದುಕೊಂಡರು.

ಈಗಿನ ಹುಡುಗರಿಗೆ ಇದರ ಅರ್ಥವಾಗಬೇಕಾದರೆ ಒಂದು ಸಂಗತಿ ತಿಳಿದಿರಬೇಕು. ಆಗ ದಿಲೀಪ ಕುಮಾರನೆಂದರೆ ಕಣ್ಣೀರು. 1951ರ ‘ದೀದಾರ್’, 1955ರ ‘ದೇವದಾಸ್’ ಇವನ್ನು ನೋಡಿ ಅಳದೆ ಬಂದವರಿಲ್ಲ. ಮೀನಾ ಕುಮಾರಿಯೂ ಹಾಗೆಯೇ. ದುರಂತದ ರಾಜನೊಬ್ಬ, ದುರಂತದ ರಾಣಿಯೊಬ್ಬಳು ಎಂದು ಜನ ಅವರನ್ನು ಕರೆಯುತ್ತಿದ್ದರು. ನಾಸಿಕದ ಜನರಿಗಂತೂ ಆತ ತಮ್ಮವನೆಂಬ ಸಲಿಗೆ. ಪೇಶಾವರದಲ್ಲಿ 1922ರಲ್ಲಿ ಯೂಸುಫ್ ಖಾನನಾಗಿ ಹುಟ್ಟಿದ ಆತನು ಬಾಲ್ಯದಲ್ಲಿ ಕೆಲವು ಕಾಲ ಕಲಿತುದು ನಮ್ಮ ಹಾದಿಯಲ್ಲಿಯೇ ಮುಂದೆ ಸಿಗುವ ದೇವಳಾಲಿಯ ಬಾರ್ನ್ಸ್ ಶಾಲೆಯಲ್ಲಿ. ತಂದೆ ಹಣ್ಣಿನ ವ್ಯಾಪಾರಿ. ಆದರೆ ಅತ್ತು ಅತ್ತು ನಟನ ಮನಸ್ಸೇ ಕುಗ್ಗಿಹೋಗಿ, ಲಂಡನ್ನಿನ ವೈದ್ಯರು ‘ಇನ್ನು ಹಗುರಾದ ಪಾತ್ರಗಳನ್ನು ಮಾಡು’ ಎಂದು ಬುದ್ಧಿ ಹೇಳಿದ್ದರೆಂಬುದು ಆಗ ನಮಗೆ ತಿಳಿಯದು. ಆ ಸಲಹೆಯ ಮೊದಲ ಫಲ 1955ರ ‘ಆಝಾದ್’. ಮುಂದೆ ಅದೇ ಜೋಡಿಯ ‘ಕೋಹಿನೂರ್’.

ಮನೆಯಲ್ಲಿ ಆಯಿಯ ಅಪ್ಪಣೆ ಬೇಕಾಯಿತು. ‘ಕೂಸು ಹೋಗಿ ವರುಷ ತುಂಬಿಲ್ಲ, ಆಟಕ್ಕ ಹೋಗ್ತೀಯೇನೋ?’ ಎಂದಳು. ತಂದೆಯವರು ತಲೆಯೆತ್ತದೆ, ‘ಅಳೂ ಆಟ ಅದ ಅವ್ವಾ’ ಎಂದರು. ಆಯಿ ಮಣಿಯನ್ನು ಬೆರಳಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಮಗನ ಮುಖವನ್ನು ನೋಡಿದಳು. ‘ಅಳೂದಿದ್ರ ಹೋಗಿ ಬಾ’ ಎಂದಳು.

ಕತ್ತಲಲ್ಲಿ ಕುಳಿತು ಯಾರಿಗೂ ಕಾಣದಂತೆ ಅಳಬಹುದೆಂದು ತಂದೆಯವರು ಹೊರಟಿದ್ದರೆಂಬುದು ನನಗೆ ಹೊಳೆದುದು ಎಷ್ಟೋ ವರುಷಗಳ ತರುವಾಯ. ಅಂದು ಅವರ ಕೋಟಿನ ಕಿಸೆಯಲ್ಲಿ ಒಗೆದು ಮಡಿಸಿದ ಎರಡು ಕರವಸ್ತ್ರಗಳಿದ್ದುದನ್ನು ಮಾತ್ರ ನೋಡಿದ್ದೆ.

ಡೇರೆಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಬಟ್ಟೆಯ ಮರೆ. ನೆಲದ ಮೇಲೆ ರೈತರು, ಹಮಾಲರು, ಬಂಡಿ ಹೊಡೆಯುವವರು; ಹಿಂದೆ ಬಾಕಿನ ಮೇಲೆ ನಮ್ಮಂಥವರು. ಆಟ ಸುರುವಾಯಿತು. ತೆರೆಯ ಮೇಲೆ ದಿಲೀಪ ಕುಮಾರನು ಬಂದಾಗ ಡೇರೆಯೆಲ್ಲ ನಿಶ್ಶಬ್ದ. ಈಗ ದುಃಖ ಬರುತ್ತದೆ, ಇನ್ನೇನು ಬರುತ್ತದೆ ಎಂದು ಜನರು ಕಾಯುತ್ತಿದ್ದರು. ಆತನು ನಕ್ಕನು. ಚೇಷ್ಟೆ ಮಾಡಿದನು. ಮೀನಾ ಕುಮಾರಿಯೂ ತುಂಟತನದಲ್ಲಿ ಅವನಿಗೆ ಸಮನಾಗಿ ನಿಂತಳು. ಜನರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಗುಡಿಯಲ್ಲಿ ಪೂಜಾರಿಯು ವಿನೋದ ಮಾಡಿದರೆ ಭಕ್ತರು ಹೇಗೆ ಕುಳಿತಿರುವರೋ ಹಾಗೆ ಕುಳಿತಿದ್ದರು. ನನ್ನ ಪಕ್ಕದವನೊಬ್ಬನು ‘ಕಡೆಗೆ ಸಾಯುತ್ತಾನೆ, ನೋಡುತ್ತಿರು’ ಎಂದು ಮರಾಠಿಯಲ್ಲಿ ತನ್ನ ಜೊತೆಗಾರನಿಗೆ ಸಮಾಧಾನ ಹೇಳಿದನು.

ಇದ್ದುದು ಒಂದೇ ಯಂತ್ರ. ರೀಲು ಬದಲಿಸುವಾಗಲೆಲ್ಲ ದೀಪ ಹತ್ತುವುದು. ಎರಡನೆಯ ಸಲ ದೀಪ ಹತ್ತುವ ಹೊತ್ತಿಗೆ ನೆಲದ ಮೇಲಿನವರು ಗುಟ್ಟನ್ನು ಕಂಡುಹಿಡಿದುಬಿಟ್ಟಿದ್ದರು. ಅವರು ತಮಾಶೆಯ ವಗಗಳನ್ನು ನೋಡಿ ಬೆಳೆದವರು. ನಮ್ಮ ಸಣ್ಣಾಟ ದೊಡ್ಡಾಟಗಳಂತೆಯೇ ಅಲ್ಲಿಯೂ ರಾಜ, ಪ್ರಧಾನ, ಅವರ ನಡುವೆ ಜನರನ್ನು ನಗಿಸುವ ಸೊಂಗಾಡ್ಯಾ. ಇಲ್ಲಿ ರಾಜಕುಮಾರನೇ ಸೊಂಗಾಡ್ಯಾ! ಇಷ್ಟು ತಿಳಿದ ಮೇಲೆ ಅವರಿಗೆ ಅಡ್ಡಿಯೇನಿದೆ? ಸೇನಾಪತಿಯ ಪಾತ್ರ ಮಾಡಿದ ಜೀವನನು ತೆರೆಯ ಮೇಲೆ ಬಂದಾಗಲೆಲ್ಲ ಹಳೆಯ ಪರಿಚಯದವನೆಂಬಂತೆ ಬಯ್ಯತೊಡಗಿದರು. ಕುಂಕುಂ ಎಂಬ ನಟಿಯು ಕುಣಿಯುವ ಹಮೀರ್ ರಾಗದ ಹಾಡು ಬಂದಾಗ ಮಾತ್ರ ಎಲ್ಲರೂ ಮತ್ತೆ ಸುಮ್ಮನಾದರು. ಮಹಮ್ಮದ್ ರಫಿಯವರ ಕಂಠ. ಸಿತಾರಿನ ಮೇಲೆ ನಾಯಕನ ಬೆರಳುಗಳು. ಆ ಒಂದು ದೃಶ್ಯಕ್ಕಾಗಿ ದಿಲೀಪ ಕುಮಾರನು ಉಸ್ತಾದ್ ಅಬ್ದುಲ್ ಹಲೀಂ ಜಾಫರ್ ಖಾನರ ಬಳಿ ತಿಂಗಳುಗಟ್ಟಲೆ ಸಿತಾರ ಹಿಡಿಯುವುದನ್ನು ಅಭ್ಯಾಸ ಮಾಡಿದನಂತೆ. ನಗಿಸುವ ಚಿತ್ರಕ್ಕೆ ಇಷ್ಟು ಶ್ರಮವೇ ಎಂದು ಈಗಲೂ ನನಗೆ ಬೆರಗು. (ಚಿತ್ರದಲ್ಲಿ ಲೀಲಾ ಚಿಟಣೀಸರೂ ಇದ್ದಾರೆ, 1909ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದವರು. ಕನ್ನಡದ ಮಣ್ಣಿನ ಹೆಸರು ಬಂದಾಗ ಹೇಳದೆ ಮುಂದೆ ಹೋಗುವುದು ನನ್ನಿಂದಾಗದು.)

ತಂದೆಯವರು ಬಾಕಿನ ಮೇಲೆ ನೆಟ್ಟಗೆ ಕುಳಿತೇ ಇದ್ದರು. ನಾನು ತುಟಿ ಕಚ್ಚಿಕೊಂಡು ನಗೆಯನ್ನು ತಡೆದಿದ್ದೆ.

ಆಮೇಲೆ ಕನ್ನಡಿಯ ದೃಶ್ಯ ಬಂದಿತು. ಕುಡಿದ ಸೇನಾಪತಿಯು ಕನ್ನಡಿಯ ಮುಂದೆ ನಿಲ್ಲುತ್ತಾನೆ. ಅವನಂತೆಯೇ ವೇಷ ತೊಟ್ಟ ನಾಯಕನು ಆಚೆಯ ಕಡೆ ನಿಂತು ಅವನ ಪ್ರತಿಬಿಂಬವಾಗಿ ನಟಿಸುತ್ತಾನೆ. ಇವನು ಕೈಯೆತ್ತಿದರೆ ಅವನೂ ಎತ್ತಬೇಕು, ಇವನು ಓರೆಯಾದರೆ ಅವನೂ ಓರೆ. ಹಳೆಯ ಯುಕ್ತಿ ಇದು. 1921ರಲ್ಲಿ ಫ್ರಾನ್ಸಿನ ಮ್ಯಾಕ್ಸ್ ಲಿಂಡರ್, 1933ರಲ್ಲಿ ಅಮೇರಿಕೆಯ ಮಾರ್ಕ್ಸ್ ಸೋದರರು ತಮ್ಮ ಚಿತ್ರಗಳಲ್ಲಿ ಮಾಡಿ ತೋರಿಸಿದ್ದು. ಲಾಸಲಗಾಂವದ ನಮಗೆ ಮಾತ್ರ ಅದು ಹೊಚ್ಚ ಹೊಸದು. ಡೇರೆಯ ಗೂಟಗಳು ಕೀಳುವಂತೆ ಜನರು ನಕ್ಕರು. ಆ ಗದ್ದಲದಲ್ಲಿ ನನ್ನ ಮಗ್ಗುಲಿಂದ ಒಂದು ವಿಚಿತ್ರ ಸದ್ದು ಕೇಳಿ ತಿರುಗಿ ನೋಡಿದೆ. ತಂದೆಯವರು ಹೊಟ್ಟೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಬಾಗಿದ್ದರು. ನಗುತ್ತಿದ್ದರು. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಕನ್ನಡಿಯೆದುರು ಮೀಸೆ ತಿರುವಿ, ‘ಒಳಗಿನ ಅಪ್ಪ ಚಲೋನೋ, ಹೊರಗಿನ ಅಪ್ಪ ಚಲೋನೋ’ ಎಂದು ದಿನವೂ ಕೇಳುತ್ತಿದ್ದವರು ಇವರೇ. ಅದು ಆಗ ನನ್ನ ನೆನಪಿಗೆ ಬಂದಿತು. ಅವರಿಗೂ ಬಂದಿರಬೇಕು. ಏಕೆಂದರೆ ನಗೆ ನಿಲ್ಲಲಿಲ್ಲ. ನಗುತ್ತ ನಗುತ್ತಲೇ ಅದು ಬೇರೆಯದಾಯಿತು. ಸುತ್ತಲಿನವರೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಎರಡು ಕರವಸ್ತ್ರಗಳೂ ತೊಯ್ದುಹೋದವು.

ಮನೆಗೆ ಬಂದಾಗ ಆಯಿ ಎಚ್ಚರವಾಗಿಯೇ ಇದ್ದಳು. ಕಂದೀಲಿನ ಬೆಳಕಿನಲ್ಲಿ ಮಗನ ಕೆಂಪು ಕಣ್ಣುಗಳನ್ನು ನೋಡಿ, ‘ಅಳಿಸಿದನೇನು?’ ಎಂದಳು. ‘ಭಾಳ ಅಳಿಸಿದ’ ಎಂದರು ತಂದೆಯವರು. ಅದು ಸುಳ್ಳಲ್ಲ. ಅಂದು ಅವರು ಎರಡು ಸಲ ಅನ್ನ ನೀಡಿಸಿಕೊಂಡು ಉಂಡರು. ಅವ್ವ ಏನನ್ನೂ ಕೇಳಲಿಲ್ಲ, ಬಡಿಸಿದಳು.

ಗುಟ್ಟು ಒಂದು ದಿನವೂ ಉಳಿಯಲಿಲ್ಲ. ಮರುದಿನ ನೀರಿನ ಬಳಿಗೆ ಹೋದಾಗ ಊರ ಹೆಂಗಸರೆಲ್ಲ ಅದನ್ನೇ ಹೇಳಿಕೊಂಡು ನಗುತ್ತಿದ್ದರಂತೆ. ನಮ್ಮ ಶಾಲೆಯಲ್ಲಿ ಮಾತ್ರ ಇತಿಹಾಸದ ಗುರುಗಳಿಗೆ ಸಿಟ್ಟು ಬಂದಿತ್ತು. ‘ಕೈಲಾಸನಗರ, ರಾಜಗಢ! ನಕಾಶೆಯಲ್ಲಿ ಎಲ್ಲಿ ತೋರಿಸು ನೋಡೋಣ. ನಮ್ಮ ಶಿವಾಜಿ ಮಹಾರಾಜರ ರಾಜಗಡಕ್ಕೂ ಇದಕ್ಕೂ ಏನು ಸಂಬಂಧ? ನೋಡುವುದಿದ್ದರೆ ಮೊಗಲ್-ಎ-ಆಝಮ್ ನೋಡಿರಿ’ ಎಂದು ಗುಡುಗಿದರು. ಅದೇ 1960ರ ಆಗಸ್ಟಿನಲ್ಲಿ ಮುಂಬಯಿಯ ಮರಾಠಾ ಮಂದಿರದಲ್ಲಿ ತೆರೆಕಂಡ ಆ ಭಾರಿ ಚಿತ್ರದಲ್ಲಿಯೂ ರಾಜಕುಮಾರನು ದಿಲೀಪ ಕುಮಾರನೇ. ಗಂಭೀರ ಮುಖದ ಸಲೀಮ. ಆದರೆ ಅನಾರ್ಕಲಿಯ ಕಥೆಯೂ ಇತಿಹಾಸವಲ್ಲ, ದಂತಕಥೆಯೆಂದು ನಾನು ಕಾಲೇಜಿಗೆ ಹೋದ ಮೇಲೆ ತಿಳಿಯಿತು. 1961ರಲ್ಲಿ ಫಿಲ್ಮ್‌ಫೇರ್ ಪತ್ರಿಕೆಯವರು ಶ್ರೇಷ್ಠ ಚಿತ್ರವೆಂದು ಮೊಗಲ್-ಎ-ಆಝಮ್‌ಗೆ ಪಾರಿತೋಷಕ ಕೊಟ್ಟರು. ಶ್ರೇಷ್ಠ ನಟನೆಂದು ದಿಲೀಪ ಕುಮಾರನಿಗೆ ಕೊಟ್ಟುದು ‘ಕೋಹಿನೂರ್’ಗಾಗಿ. ಗುರುಗಳಿಗೆ ಈ ಮಾತನ್ನು ಹೇಳುವ ಧೈರ್ಯ ನನಗೆ ಬರುವ ಹೊತ್ತಿಗೆ ಅವರು ಇರಲಿಲ್ಲ.

ಎರಡು ದಿನಕ್ಕೆಂದು ಬಂದ ಪೆಟ್ಟಿಗೆಗಳು ಜನರ ಒತ್ತಾಯದಿಂದ ಐದು ದಿನ ನಿಂತವು. ಆಯಿ ಮೂರು ದಿನ ಯಾರೊಡನೆಯೂ ಮಾತನಾಡಲಿಲ್ಲ. ತಂದೆಯವರು ಅಪರಾಧಿಯಂತೆ ಅತ್ತಿತ್ತ ಸುಳಿದಾಡುತ್ತಿದ್ದರು. ನಾಲ್ಕನೆಯ ದಿನ ಸಂಜೆ ಅವರು ಕೋಟು ತೊಡುತ್ತಿರುವಾಗ ಆಯಿ ಜಪಮಾಲೆಯನ್ನು ಗೂಟಕ್ಕೆ ಹಾಕಿ, ‘ಆ ಡೇರೇದಂವ ಇನ್ನೂ ಪಾಸು ಕೊಡ್ತಾನೇನೋ?’ ಎಂದಳು. ಸ್ವಲ್ಪ ತಡೆದು, ‘ನಿನ್ನ ಹೆಂಡತೀನೂ ಕರ್ಕೊಂಡು ಹೋಗೂಣು. ಅದು ಒಲೀ ಮುಂದ ಕೂತು ಕೂತು ಸೊರಗೇದ’ ಎಂದಳು.

ಪಾಸು ಕೇಳಲು ತಂದೆಯವರಿಗೆ ನಾಚಿಕೆಯಾಗಿ ನಾಲ್ಕು ಟಿಕೀಟು ಕೊಂಡರು. ಆಯಿ, ಅವ್ವ ಬಟ್ಟೆಯ ಮರೆಯ ಆಚೆ, ನಾವಿಬ್ಬರು ಈಚೆ. ಈ ಸಲ ತಂದೆಯವರು ತೆರೆಯನ್ನು ನೋಡಿದುದು ಕಡಿಮೆ. ಕನ್ನಡಿಯ ದೃಶ್ಯ ಬಂದಾಗ ಹೆಂಗಸರ ಕಡೆಯಿಂದ ನಗೆಯ ಅಲೆಯೊಂದು ಎದ್ದಿತು. ತಂದೆಯವರು ಕುತ್ತಿಗೆಯನ್ನು ಆ ಕಡೆ ಚಾಚಿ, ನನ್ನ ಭುಜವನ್ನು ಒತ್ತಿ, ‘ನಿಮ್ಮವ್ವನ ದನಿ ಕೇಳಿಸ್ತೇನೋ?’ ಎಂದು ಕೇಳಿದರು. ಅಷ್ಟೊಂದು ದನಿಗಳಲ್ಲಿ ನನಗೆ ಗುರುತು ಹತ್ತಲಿಲ್ಲ. ಆದರೂ ‘ಕೇಳಿಸ್ತಪ್ಪಾ’ ಎಂದೆ.

ಆರನೆಯ ದಿನ ಪೆಟ್ಟಿಗೆಗಳು ಹಿಂದಿರುಗಿದವು. ನಾನು ಸ್ಟೇಶನ್ನಿನಲ್ಲಿದ್ದೆ. ತಂದೆಯವರು ಅವನ್ನು ತೂಗಿ, ಚೀಟಿ ಅಂಟಿಸಿ, ಗಾಡಿ ಬಂದಾಗ ಒಂದೊಂದಾಗಿ ತಾವೇ ಎತ್ತಿ ಬ್ರೇಕ್ ವ್ಯಾನಿನಲ್ಲಿಟ್ಟರು. ಅದು ಹಮಾಲರ ಕೆಲಸ. ಹಮಾಲನು ‘ನೀವು ಬಿಡ್ರಿ ಸಾಹೇಬ’ ಎಂದು ಹಿಂದೆ ಹಿಂದೆ ಬರುತ್ತಿದ್ದನು, ಅವರು ಬಿಡಲಿಲ್ಲ.